ಹರಳು ಸರಿ ಇದೆ, ಕಳ್ಳ ಅಂಟು!

ತುಮಕೂರಿನ ನಮ್ಮ ಪುಟ್ಟ ಲ್ಯಾಬಿನಲ್ಲಿ ಎರಡು ವಾರದಿಂದ ಬೆಳಕಿನಿಂದ ವೋಲ್ಟೇಜ್ ಅಳೆಯುವ ಸೆನ್ಸರ್ ಜೊತೆ ಗುದ್ದಾಡುತ್ತಿದ್ದೇನೆ. ಬೆಳಿಗ್ಗೆ ಒಂದು ರೀಡಿಂಗ್, ಮಧ್ಯಾಹ್ನ ಇನ್ನೊಂದು. ಕೊಟ್ಟ ವೋಲ್ಟೇಜ್ ಮಾತ್ರ ಬದಲಾಗಿಲ್ಲ!

ಕೆಲವು ಬಗೆಯ ಹರಳಿಗೆ ವೋಲ್ಟೇಜ್ ಕೊಟ್ಟರೆ ಅದರೊಳಗೆ ಹಾಯುವ ಬೆಳಕಿನ ಧ್ರುವೀಕರಣ, ಅಂದರೆ ಬೆಳಕಿನ ಅಲೆ ಕಂಪಿಸುವ ರೀತಿ, ಬದಲಾಗುತ್ತದೆ, ಜರ್ಮನ್ ವಿಜ್ಞಾನಿ ಪೊಕೆಲ್ಸ್ 1893ರಲ್ಲಿ ವಿವರಿಸಿದ್ದು ಇದನ್ನೇ. ಲಿಥಿಯಂ ನಯೋಬೇಟ್ ಹರಳಾದರೆ ವೋಲ್ಟೇಜ್ ಇಲ್ಲದಿದ್ದರೂ ಬೆಳಕನ್ನು ಎರಡಾಗಿ ಸೀಳುತ್ತದೆ, ಬಿಸಿ ಏರಿಳಿದಂತೆ ಆ ಸೀಳೂ ಹೆಚ್ಚುಕಡಿಮೆ ಆಗುತ್ತದೆ. ಅದಕ್ಕೇ ನಾನು ಬಿಜಿಒ ಹಾಕಿದ್ದು, ಅಂದರೆ ಬಿಸ್ಮತ್, ಜರ್ಮೇನಿಯಂ, ಆಕ್ಸಿಜನ್ ಸೇರಿದ ಹರಳು. ಅದಕ್ಕೆ ಆ ಚಾಳಿ ಇಲ್ಲ.

ಆದರೂ ರೀಡಿಂಗ್ ಜಾರುತ್ತಿತ್ತು. ಸುಮ್ನೆ ಹರಳನ್ನು ಬೈದೆ, ತಪ್ಪು ಅದನ್ನು ಹಿಡಿದ ಎಪಾಕ್ಸಿ ಅಂಟಿನದ್ದು. ಹರಳು, ಅಂಟು, ಲೋಹದ ಹಿಡಿ ಮೂರೂ ಬಿಸಿಗೆ ಬೇರೆ ಬೇರೆ ಹಿಗ್ಗುತ್ತವೆ, ಹರಳಿಗೆ ಒತ್ತಡ ಬೀಳುತ್ತದೆ, ಒತ್ತಿದ ಹರಳೂ ಬೆಳಕನ್ನು ಸೀಳುತ್ತದೆ ಅಲ್ವಾ! ಈಗ ಒಂದೇ ಬದಿಗೆ ಮೆತ್ತನೆಯ ಸಿಲಿಕೋನ್ ಅಂಟು ಹಚ್ಚಿದ್ದೇನೆ. ಜಾರುವುದು ಜಾಸ್ತಿಯೇ ತಗ್ಗಿತು.

ಉಳಿದದ್ದು ಕಾಲು ತರಂಗದ ಪ್ಲೇಟು, ಅಂದರೆ ಬೆಳಕಿನ ಒಂದು ಭಾಗವನ್ನು ಇನ್ನೊಂದಕ್ಕಿಂತ ಕಾಲು ಅಲೆಯಷ್ಟು ಹಿಂದೆ ಹಾಕುವ ತೆಳು ಬಿಲ್ಲೆ, ಅದರ ಗುಣವೂ ಬಿಸಿಗೆ ಬದಲಾಗುತ್ತದೆ. ಅದರ ಬದಲು ಅದೇ ಕೆಲಸಕ್ಕೆ ಬೆಳಕು ಒಳಗೇ ಪ್ರತಿಫಲಿಸುವ ಪ್ರಿಸಂ ಹಾಕಬೇಕು. ಪಕ್ಕದಲ್ಲೊಂದು ಥರ್ಮಿಸ್ಟರ್ (ಬಿಸಿ ಅಳೆಯುವ ಪುಟ್ಟ ಬಿಡಿಭಾಗ) ಇಟ್ಟು ಮಿಕ್ಕ ತಪ್ಪನ್ನು ಲೆಕ್ಕದಲ್ಲಿ ಕಳೆಯುವುದು. ಆಮೇಲೆ ಪಾವಗಡದ ಬಿಸಿಲಿಗೆ ಒಯ್ಯುತ್ತೇನೆ, ಏಪ್ರಿಲ್‌ನಲ್ಲೇ.