ಬೆಳಕು ಹಾಕುವ ಮೊದಲು ಕತ್ತಲೆ ಕೇಳಬೇಕು

ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಹಾಕಲು ಬರುವುದಿಲ್ಲ. ಗೋಡೆಯ ಕಿಟಕಿ, ಉಬ್ಬುತಗ್ಗಿಗೆ ಸರಿಯಾಗಿ ಹೊಂದಿಸಿ ಬೆಳಕಿನ ಚಿತ್ರ ಹಾಯಿಸುವ ಪ್ರೊಜೆಕ್ಷನ್ ಮ್ಯಾಪಿಂಗ್ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಕಂಪ್ಯೂಟರಿನಲ್ಲಿ ಕಪ್ಪಾಗಿ ಕಂಡ ಜಾಗಕ್ಕೆ ಗೋಡೆಯ ಮೇಲೆ ಬೆಳಕು ಬೀಳುವುದಿಲ್ಲ, ಅಷ್ಟೇ. ಅದು ನಿಜವಾಗಿ ಎಷ್ಟು ಕಪ್ಪಾಗುತ್ತದೆ ಎಂಬುದು ಪಕ್ಕದ ಬೀದಿದೀಪ, ಎದುರಿನ ಐಸ್‌ಕ್ರೀಮ್ ಅಂಗಡಿಯ ಟ್ಯೂಬ್‌ಲೈಟ್, ಗಾಡಿ ನಿಲ್ಲಿಸುವ ಮೈದಾನದ ಹೈಮಾಸ್ಟ್ ಇವುಗಳ ಕೈಯಲ್ಲಿದೆ. ಕಾರವಾರ, ಕುಮಟಾ, ಶಿರಸಿ ಕಡೆಯ ಉತ್ಸವ, ವಾರ್ಷಿಕೋತ್ಸವಗಳಿಗೆ ಗೋಡೆಯ ಮೇಲೆ ಚಿತ್ರ ಆಡಿಸುವುದು ನನ್ನ ಕಸುಬು. ಬೆಳಕು ತರುವುದಕ್ಕಿಂತ ಕತ್ತಲೆ ಹೊಂದಿಸುವುದಕ್ಕೇ ಇದರಲ್ಲಿ ಹೆಚ್ಚು ಓಡಾಟ.

ಲೆಕ್ಕ ನೋಡಿ. ಯಂತ್ರ ಹೊರಹಾಕುವ ಒಟ್ಟು ಬೆಳಕಿನ ಅಳತೆ ಲೂಮೆನ್, ಒಂದು ಚದರ ಮೀಟರಿಗೆ ಬೀಳುವ ಬೆಳಕಿನ ಅಳತೆ ಲಕ್ಸ್. 20,000 ಲೂಮೆನ್‌ನ ಪ್ರೊಜೆಕ್ಟರ್, 20 ಮೀಟರ್ ಅಗಲ, 12 ಮೀಟರ್ ಎತ್ತರದ ಗೋಡೆ. ಒಟ್ಟು 240 ಚದರ ಮೀಟರ್. ಭಾಗಿಸಿದರೆ ಗೋಡೆಗೆ ಸಿಗುವುದು ಸುಮಾರು 83 ಲಕ್ಸ್. ಬೀದಿದೀಪದಿಂದ ಅದೇ ಗೋಡೆಗೆ 10 ಲಕ್ಸ್ ಬೀಳುತ್ತಿದ್ದರೆ, ನಮ್ಮ ಅತಿ ಬಿಳಿ ಜಾಗ ಅತಿ ಕಪ್ಪು ಜಾಗಕ್ಕಿಂತ 9 ಪಟ್ಟು ಮಾತ್ರ ಬೆಳಗುತ್ತದೆ. ಚಿತ್ರ ತೊಳೆದು ಹಾಕಿದ ಹಾಗೆ ಕಾಣುತ್ತದೆ. ಆಗ ಸಂಘಟಕರು ಹೇಳುವುದು, "ಇನ್ನೊಂದು ಪ್ರೊಜೆಕ್ಟರ್ ತರಿಸಿ, ದುಡ್ಡಿನ ಚಿಂತೆ ಬೇಡ". ತರಿಸಿ ಒಂದರ ಮೇಲೊಂದು ಹೊಂದಿಸಿದರೆ 9 ಇದ್ದದ್ದು 18ರ ಹತ್ತಿರ ಬರುತ್ತದೆ. ಅದರ ಬದಲು ಇದ್ದ ಒಂದೇ ಪ್ರೊಜೆಕ್ಟರ್ ಇಟ್ಟುಕೊಂಡು ಸುತ್ತಲಿನ ದೀಪ ಆರಿಸಿ 10 ಲಕ್ಸನ್ನು 2ಕ್ಕೆ ಇಳಿಸಿದರೆ 42 ಪಟ್ಟು! ಬೆಂಗಳೂರಿನಿಂದ ಲಾರಿಯಲ್ಲಿ ಬರುವ ದುಬಾರಿ ಯಂತ್ರ ಮಾಡದ ಕೆಲಸವನ್ನು ನಾಲ್ಕು ಸ್ವಿಚ್ಚು ಮಾಡುತ್ತವೆ.

ಹಾಗಾಗಿ ಜಾಗ ನೋಡಲು ನಾನು ಹಗಲಲ್ಲಿ ಹೋಗುವುದಿಲ್ಲ, ಕಾರ್ಯಕ್ರಮ ಶುರುವಾಗುವ ಹೊತ್ತಿಗೇ ಹೋಗುತ್ತೇನೆ. ಲಕ್ಸ್ ಮೀಟರನ್ನು ಗೋಡೆಗೆ ತಾಗಿಸಿ ಹಿಡಿದು, ಯಾವ ದೀಪದಿಂದ ಎಷ್ಟು ಬರುತ್ತಿದೆ ಅಂತ ಬರೆದುಕೊಳ್ಳುತ್ತೇನೆ. "ಆ ದಿನ ಹುಣ್ಣಿಮೆ, ನಡೆಯುತ್ತದಾ?" ಅಂತ ಬಹಳ ಜನ ಕೇಳುತ್ತಾರೆ. ಹುಣ್ಣಿಮೆಯ ಚಂದ್ರ ಕೊಡುವುದು ಕಾಲು ಲಕ್ಸಿನ ಆಸುಪಾಸು. ಅದು ಲೆಕ್ಕಕ್ಕೇ ಇಲ್ಲ. ಕಡಲಿಗೆ ಮುಖ ಮಾಡಿದ ಗೋಡೆಯಾದರೆ ಮಾತ್ರ ಸೂರ್ಯ ಮುಳುಗಿದ ಮೇಲೆ ಮುಕ್ಕಾಲು ಗಂಟೆ ಬಿಡಬೇಕು, ಪಡುವಣ ಬಾನಿನ ಬೆಳಕು ಅಷ್ಟು ಬೇಗ ಹೋಗುವುದಿಲ್ಲ.

ದೀಪ ಆರಿಸಿ ಅಂತ ಕೇಳುವುದು ಬೇರೆಯೇ ವಿದ್ಯೆ. ಬೀದಿದೀಪಕ್ಕೆ ನಗರಸಭೆ ಅಥವಾ ಪಂಚಾಯಿತಿ, ಲೈನಿಗೆ ಹೆಸ್ಕಾಂ, ಜನರ ಓಡಾಟಕ್ಕೆ ಪೊಲೀಸರು. ಅಲ್ಲಿ ಪತ್ರ ಕೊಟ್ಟರೆ ಕೆಲಸ ಆಗುತ್ತದೆ. ಅಂಗಡಿಯವರ ಹತ್ತಿರ ಪತ್ರ ನಡೆಯುವುದಿಲ್ಲ. ಒಬ್ಬ ಗೋಬಿ ಅಂಗಡಿಯವರು ನನಗೆ ನೇರವಾಗಿಯೇ ಕೇಳಿದರು, "ಅಣ್ಣಾ, ಲೈಟ್ ತೆಗ್ದ್ರೆ ಗಿರಾಕಿ ಬರೂದು ಹ್ಯಾಂಗೆ?" ನ್ಯಾಯವಾದ ಪ್ರಶ್ನೆ. ಅವರ ಬಿಳಿ ಟ್ಯೂಬ್ ತೆಗೆಸಿ ತಗಡಿನ ಮುಚ್ಚಳವಿದ್ದ ಹಳದಿ ಬಲ್ಬ್ ಹಾಕಿಸಿದೆವು. ಬೆಳಕು ಬಾಣಲೆಯ ಮೇಲೆ ಮಾತ್ರ ಬಿತ್ತು, ಗೋಡೆಗೆ ಬರಲಿಲ್ಲ, ಅವರ ವ್ಯಾಪಾರವೂ ನಡೆಯಿತು. ಜನ ನಡೆಯುವ ದಾರಿ, ಮೆಟ್ಟಿಲು, ಕಡಲ ಅಂಚು ಇವುಗಳಲ್ಲಿ ಮಾತ್ರ ನೆಲಮಟ್ಟದ ಸಣ್ಣ ದೀಪ ಉರಿಯುತ್ತಲೇ ಇರಬೇಕು. ಚಿತ್ರ ಚೆನ್ನಾಗಿ ಕಾಣಲಿ ಅಂತ ಯಾರೂ ಬೀಳಬಾರದು.

ಕತ್ತಲೆ ಸಿಕ್ಕಿತು ಅನ್ನಿ, ಮುಂದಿನ ಮಾತು ಗೋಡೆಯದ್ದು. 2001ರಲ್ಲಿ ನಾಸಿಕ ಮೂಲದ ರಮೇಶ್ ರಾಸ್ಕರ್ ಮತ್ತು ಅವರ ಜೊತೆಗಾರರು 'ಶೇಡರ್ ಲ್ಯಾಂಪ್ಸ್' ಎಂಬ ಸಂಶೋಧನೆ ಪ್ರಕಟಿಸಿದರು. ತಾಜ್‌ಮಹಲಿನ ಒಂದು ಬಿಳಿ ಮಾದರಿ ಇಟ್ಟು, ಪ್ರೊಜೆಕ್ಟರಿನ ಬೆಳಕಿನಿಂದಲೇ ಅದಕ್ಕೆ ಬಣ್ಣ, ನೆರಳು, ಕಲ್ಲಿನ ಮೈ ಎಲ್ಲವನ್ನೂ ತಂದು ತೋರಿಸಿದ್ದರು. ಇವತ್ತು ನಾವು ಮಾಡುವ ಕೆಲಸದ ಒಂದು ಬೇರು ಅಲ್ಲಿದೆ. ಆದರೆ ಅವರ ಮಾದರಿ ಬಿಳಿ. ನಮ್ಮ ಕರಾವಳಿಯ ಹಳೆ ಗೋಡೆಗಳು ಚಿರೇಕಲ್ಲಿನವು, ಮಿರ್ಜಾನ ಕೋಟೆಯ ಹಾಗೆ. ಕೆಂಪು ಕಲ್ಲು ನೀಲಿ, ಹಸಿರನ್ನು ಬಹುಪಾಲು ನುಂಗಿ ಹೆಚ್ಚಾಗಿ ಕೆಂಪನ್ನೇ ತಿರುಗಿ ಕೊಡುತ್ತದೆ. ಮಳೆಗಾಲ ಕಳೆದ ಮೇಲೆ ಒಣಗಿದ ಪಾಚಿ ಕಪ್ಪು ಪದರವಾಗಿ ಕೂತಿರುತ್ತದೆ, ಅದು ಇನ್ನಷ್ಟು ನುಂಗುತ್ತದೆ. ಇಬ್ಬನಿ ಬಿದ್ದು ಕಲ್ಲು ಒದ್ದೆಯಾದರೆ ಮತ್ತೂ ಕಪ್ಪು. ಸಂಘಟಕರಿಗೆ ಮಾತ್ರ ನೀಲಿ ಕಡಲೇ ಬೇಕು! ಅಂಥ ಗೋಡೆಗೆ ನಾನು ಹಳದಿ, ಕಿತ್ತಳೆ, ಬಿಳಿ ಇಷ್ಟನ್ನೇ ಒಪ್ಪುತ್ತೇನೆ. ಸಿನಿಮಾದ ಹಾಗೆ ವಿಡಿಯೋ ಓಡಿಸುವ ಬದಲು ಕಲ್ಲಿನ ಸಂದಿನ ಗೆರೆಗಳ ಗುಂಟ ಬೆಳಕು ಹರಿಸುತ್ತೇನೆ. ಗೋಡೆ ತಾನೇ ಎದ್ದು ಕಾಣುತ್ತದೆ, ಜನ ನೋಡಲು ಬಂದಿರುವುದೂ ಅದನ್ನೇ.

ಈ ಗೆರೆ ಹೊಂದಿಸಲು ಕ್ಯಾಮೆರಾ ಇಟ್ಟು, ಪಟ್ಟೆಪಟ್ಟೆ ಬೆಳಕು ಬಿಟ್ಟು, ಗೋಡೆಯ ಉಬ್ಬುತಗ್ಗನ್ನು ಕಂಪ್ಯೂಟರ್ ಅಳೆಯುವ ವಿಧಾನ ಇದೆ. ನನಗೆ ಇವತ್ತಿಗೂ ಹೆಚ್ಚು ನಂಬಿಕೆ ಕಣ್ಣಿನ ಮೇಲೆ. ಮೌಸಿನ ತುದಿಯ ಬೆಳಕಿನ ಚುಕ್ಕೆಯನ್ನೇ ಗೋಡೆಯ ಮೇಲೆ ಓಡಿಸುವುದು, ಗೋಡೆಯ ಬುಡದಲ್ಲಿ ಒಬ್ಬ ನಿಂತು "ಮೇಲೆ, ಇನ್ನೂ ಚೂರು, ಸಾಕು" ಅಂತ ಫೋನಿನಲ್ಲಿ ಹೇಳುವುದು, ಕಿಟಕಿಯ ಮೂಲೆ ಮೂಲೆಗೂ ಬಿಂದು ಕೂರಿಸುವುದು. ಹಳೆ ಕಟ್ಟಡದಲ್ಲಿ ಎರಡು ಕಿಟಕಿ ಒಂದೇ ಅಳತೆಯಲ್ಲಿ ಇರುವುದಿಲ್ಲ. ಹೀಗೆ ಒಂದೊಂದಾಗಿ ತಡವಿ ನೋಡಿದಾಗಲೇ ಆ ಗೋಡೆಯ ಗುಣ ಗೊತ್ತಾಗುವುದು.

ನನಗೆ ಅತಿ ಪ್ರೀತಿಯ ಕೆಲಸ ಕಾವಿ ಚಿತ್ರದ್ದು. ಗೋವಾದಿಂದ ನಮ್ಮ ಜಿಲ್ಲೆಯವರೆಗೆ ಹಬ್ಬಿದ ಕಲೆ ಇದು. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿಯೂ ಇದೆ. ಹೊನ್ನಾವರದ ಲೇಖಕ, ಛಾಯಾಗ್ರಾಹಕ ಕೃಷ್ಣಾನಂದ ಕಾಮತರು ಊರೂರು ಸುತ್ತಿ ಇದನ್ನು ದಾಖಲಿಸಿದರು. ಬಿಳಿ ಸುಣ್ಣದ ಗಾರೆಯ ಮೇಲೆ ಕಾವಿ ಕೆಂಪನ್ನು ಬಳಿದು, ಹಸಿ ಇರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುವುದು ಇದರ ವಿಧಾನ. ಅಂದರೆ ಚಿತ್ರ ಮೂಡುವುದು ಬಣ್ಣ ತೆಗೆಯುವುದರಿಂದ. ನಮ್ಮ ಯಂತ್ರಕ್ಕೆ ಇದಕ್ಕಿಂತ ಹೊಂದುವ ಶೈಲಿ ಇನ್ನೊಂದಿಲ್ಲ. ಸುಣ್ಣ ಬಳಿದ ಶಾಲೆಯ ಗೋಡೆಗೆ ಪೂರ್ತಿ ಕಾವಿ ಕೆಂಪು ಬೆಳಕು ಹಾಕಿ, ಅದರಲ್ಲಿ ಗೆರೆಗೆರೆಯಾಗಿ ಕೆಂಪಿನ ಬದಲು ಬಿಳಿ ಬೆಳಕು ಬಿಡುತ್ತ ಹೋದರೆ ಸುಣ್ಣದ ಬಿಳಿ ಹೊಳೆಯುತ್ತದೆ. ಇಲ್ಲಿ ಕಪ್ಪೇ ಬೇಕಿಲ್ಲ! ಪೂರ್ತಿ ಕತ್ತಲೆ ಸಿಗದ ಜಾಗದಲ್ಲೂ ಇದು ನಿಲ್ಲುತ್ತದೆ, ಏಕೆಂದರೆ ಕಣ್ಣು ನೋಡುವುದು ಕೆಂಪು ಬಿಳಿಯ ವ್ಯತ್ಯಾಸವನ್ನು.

ಅಂಥ ಒಂದು ತಾಲೀಮಿಗೆ ಕಾವಿ ಕೆಲಸ ಬಲ್ಲ ಹಿರಿಯರೊಬ್ಬರನ್ನು ಕರೆದಿದ್ದೆ. ಸುಮಾರು ಹೊತ್ತು ನೋಡಿ ಹೇಳಿದರು, "ತಮ್ಮಾ, ಗೆರೆ ಇಷ್ಟು ದಪ್ಪ ಇದ್ರೆ ಕೆರ್‍ದ ಹಾಗೆ ಕಾಣೂದಿಲ್ಲ, ಬಳ್ದ ಹಾಗೆ ಕಾಣ್ತದೆ. ಮೊನೆ ಊರಿದಲ್ಲಿ ದಪ್ಪ, ಬಿಡೂವಲ್ಲಿ ಸಪೂರ." ಅಲ್ಲೇ ಕೂತು ಪ್ರತಿ ಗೆರೆಯ ಕೊನೆಯನ್ನು ಸಪೂರ ಮಾಡಿದೆವು, ವೇಗವನ್ನೂ ಕೈಯ ವೇಗಕ್ಕೆ ಇಳಿಸಿದೆವು. ಬಳ್ಳಿಯ ಸುರುಳಿ ತಿರುಗುವಲ್ಲಿ ಕೈ ತಡೆಯುತ್ತದೆ, ನೇರ ಗೆರೆಯಲ್ಲಿ ಓಡುತ್ತದೆ. ಅಷ್ಟು ಮಾಡಿದ ಮೇಲೆ ಗೋಡೆಯ ಹಿಂದೆ ಯಾರೋ ಕೂತು ಕೆರೆಯುತ್ತಿದ್ದಾರೆ ಅನ್ನಿಸತೊಡಗಿತು. ಸಾಫ್ಟ್‌ವೇರಿನ ಸಿದ್ಧ ಎಫೆಕ್ಟಿನಲ್ಲಿ ಇದು ಸಿಗುವುದಿಲ್ಲ. ನಿಜವಾದ ಹಳೆ ಕಾವಿ ಚಿತ್ರದ ಮೇಲೆ ಮಾತ್ರ ನಾನು ಚಿತ್ರ ಹಾಯಿಸುವುದಿಲ್ಲ. ಅದು ತಾನೇ ಚಿತ್ರ, ಅದಕ್ಕೆ ನಮ್ಮ ಪರದೆಯಾಗುವ ಗತಿ ಬರಬಾರದು.

ಶಬ್ದದ ವಿಷಯದಲ್ಲಿ ನಮ್ಮಲ್ಲಿ ಅಲಕ್ಷ್ಯ ಜಾಸ್ತಿ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಸ್ಪೀಕರ್ ಗೋಡೆಯ ಹತ್ತಿರವಿದ್ದು ಜನ 50 ಮೀಟರ್ ದೂರ ಕೂತಿದ್ದರೆ ಚಂಡೆಯ ಪೆಟ್ಟು ಅವರ ಕಿವಿಗೆ ಬೀಳುವುದು 145 ಮಿಲಿಸೆಕೆಂಡ್ ತಡವಾಗಿ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋದಲ್ಲಿ ಅದು ಮೂರೂವರೆ ಫ್ರೇಮಿಗೂ ಹೆಚ್ಚು. ಬೆಳಕು ಮೊದಲೇ ಮಿಂಚಿ ಪೆಟ್ಟು ಆಮೇಲೆ ಕೇಳಿದರೆ ಆಟ ಕೆಟ್ಟಂತೆ. ಅದಕ್ಕೆ ಸಭೆಯ ನಡುವೆ ಕೂತು ಹೊಂದಿಸಬೇಕು, ಕಂಟ್ರೋಲ್ ಮೇಜಿನ ಮುಂದೆ ಅಲ್ಲ.

ಯಕ್ಷಗಾನದ ಜೊತೆ ಮಾಡುವಾಗ ಇನ್ನೊಂದು ಪ್ರಶ್ನೆ. ಭಾಗವತರು ಅವತ್ತಿನ ಕಳೆ ನೋಡಿ ಲಯ ಏರಿಸುತ್ತಾರೆ, ವೇಷಧಾರಿ ಇನ್ನೊಂದು ಸುತ್ತು ಕುಣಿಯುತ್ತಾನೆ. ಮೊದಲೇ ಅಳತೆ ಮಾಡಿಟ್ಟ ವಿಡಿಯೋಕ್ಕೆ ಅವರನ್ನು ಕಟ್ಟಿಹಾಕುವುದು ಪಾಪದ ಕೆಲಸ. ಚಿತ್ರವನ್ನು ಸಣ್ಣ ಸಣ್ಣ ತುಂಡು ಮಾಡಿ, ತಾಳ ಬಲ್ಲವನೊಬ್ಬನನ್ನು ಬಟನ್ ಒತ್ತಲು ಕೂರಿಸುತ್ತೇನೆ. ಬಿಡ್ತಿಗೆ ಎಂಬ ಚಂಡೆ-ಮದ್ದಳೆಯ ನುಡಿತ ಬರುವುದು ಅವನಿಗೆ ಮೊದಲೇ ಗೊತ್ತಾಗುತ್ತದೆ, ಮೈಕಿನಿಂದ ಪೆಟ್ಟು ಗುರುತಿಸುವ ಸಾಫ್ಟ್‌ವೇರಿಗೆ ಪೆಟ್ಟು ಬಿದ್ದ ಮೇಲೆ ಗೊತ್ತಾಗುತ್ತದೆ. ವೇಷದ ಮೇಲೆ ಒಂದು ಕಿರಣವೂ ಬೀಳದಂತೆ ಮುಚ್ಚುತ್ತೇನೆ. ಮುಖವರ್ಣಿಕೆಗೆ ಅದರದೇ ಬಣ್ಣ ಇದೆ.

ಕಡಲ ಗಾಳಿಯ ಉಪ್ಪು ಲೆನ್ಸಿನ ಮೇಲೆ ಕೂತರೆ ಬೆಳಕು ಚೆದುರಿ ಕಪ್ಪು ಮತ್ತೆ ಬೂದು ಬಣ್ಣವಾಗುತ್ತದೆ. ಹಾಗಂತ ಒಣ ಬಟ್ಟೆಯಲ್ಲಿ ತಿಕ್ಕಬೇಡಿ, ಉಪ್ಪಿನ ಹರಳು ಗಾಜನ್ನು ಗೀರುತ್ತದೆ. ಮೊದಲು ಗಾಳಿ ಊದಿ, ಆಮೇಲೆ ಲೆನ್ಸಿನ ದ್ರಾವಣದಲ್ಲಿ ಒದ್ದೆ ಮಾಡಿದ ಮೆತ್ತನೆ ಬಟ್ಟೆ. ದೊಡ್ಡ ಲೇಸರ್ ಪ್ರೊಜೆಕ್ಟರನ್ನು ಜನರ ತಲೆಗಿಂತ ಎತ್ತರದ ಅಟ್ಟದ ಮೇಲೆ ಇಡಿ, ಹತ್ತಿರದಿಂದ ಯಾವ ಮಗುವೂ ಕಿರಣಕ್ಕೆ ಕಣ್ಣು ಕೊಡುವ ಹಾಗಿರಬಾರದು.

ಕಲಿಯಬೇಕು ಅನ್ನುವವರಿಗೆ ದೊಡ್ಡ ಯಂತ್ರ ಬೇಕಿಲ್ಲ. 3,000 ಲೂಮೆನ್‌ನ ಸಣ್ಣ ಪ್ರೊಜೆಕ್ಟರನ್ನು 4 ಚದರ ಮೀಟರ್ ಸುಣ್ಣದ ಗೋಡೆಗೆ ಹಾಯಿಸಿದರೆ 750 ಲಕ್ಸ್ ಸಿಗುತ್ತದೆ, ಉತ್ಸವದ ಗೋಡೆಗೆ ನಾವು ಕೊಡುವುದರ 9 ಪಟ್ಟು. ಸಾಫ್ಟ್‌ವೇರುಗಳಲ್ಲಿ 3ಡಿ ಚಿತ್ರ ಮಾಡುವ ಬ್ಲೆಂಡರ್ ಉಚಿತ, ಚಿತ್ರವನ್ನು ಗೋಡೆಗೆ ಹೊಂದಿಸಿ ಆಡಿಸಲು ಬಳಸುವ ಟಚ್‌ಡಿಸೈನರಿಗೆ ವ್ಯಾಪಾರೇತರ ಬಳಕೆಗೆ ಉಚಿತ ಆವೃತ್ತಿ ಇದೆ. ಅಂಗಳದ ದೀಪ ಆರಿಸಿ, ಮನೆಯದೇ ಒಂದು ಕಿಟಕಿಯ ಚೌಕಟ್ಟಿಗೆ ಗೆರೆ ಕೂರಿಸುವುದರಿಂದ ಶುರು ಮಾಡಿ.