ಗಾಡಿ ಆರಲಿ ಬಿಡು

ಬೇಸಿಗೆಯ ಭಾನುವಾರ ಮುಳ್ಳಯ್ಯನಗಿರಿ ಕಡೆ ತಲೆ ಹಾಕಬಾರದು ಅಂತ ಚಿಕ್ಕಮಗಳೂರಿನವರಿಗೆಲ್ಲ ಗೊತ್ತು. ಆದರೆ ಅಕ್ಕನ ಮಗ ಹೊಸ ಬೈಕು ತಗೊಂಡು ಹಾಸನದಿಂದ ಬೇಲೂರಿನ ಮೇಲೆ ಬೆಳಗ್ಗೆಯೇ ಬಂದು ಗೇಟಿನಲ್ಲಿ ನಿಂತು ಹಾರ್ನ್ ಹೊಡೆದರೆ ಏನು ಹೇಳೋದು? ಮಾರ್ಚ್ ತಿಂಗಳು, ಹೂಮಳೆ ಇನ್ನೂ ಬಿದ್ದಿರಲಿಲ್ಲ. ತೋಟದ ದಾರಿಯ ಧೂಳೆಲ್ಲ ಕಾಫಿ ಎಲೆ ಮೇಲೆ ಕೂತಿತ್ತು. ಹೊರಟೆವು.

ನನ್ನದು ಹಳೇ ಗಾಡಿ. ಒಂಟಿ ಸಿಲಿಂಡರು, ಕಾರ್ಬುರೇಟರು. ರೇಡಿಯೇಟರ್ ಇಲ್ಲ, ಫ್ಯಾನ್ ಇಲ್ಲ. ಬ್ಲಾಕಿನ ಸುತ್ತ ಇರುವ ತೆಳು ಲೋಹದ ಪಟ್ಟಿಗಳ, ಅಂದರೆ ಫಿನ್‌ಗಳ ಸಂದಿಯಲ್ಲಿ ಗಾಳಿ ಆಡಿದರೆ ಇಂಜಿನ್ ಹದವಾಗಿರುತ್ತದೆ, ಆಡದಿದ್ದರೆ ಕಾಯುತ್ತದೆ. ಅವನದು ಇಂಜಿನ್ ತಂಪು ಮಾಡುವ ದ್ರವ, ಅಂದರೆ ಕೂಲೆಂಟ್, ಇರುವ ಗಾಡಿ. ಎಷ್ಟು ಬಿಸಿಯಾಗಿದೆ ಅಂತ ಮೀಟರಿನಲ್ಲೇ ತೋರಿಸುತ್ತದೆ. ಕೈಮರ ಚೆಕ್‌ಪೋಸ್ಟ್ ದಾಟಿ ಎಡಕ್ಕೆ ತಿರುಗಿದ ಮೇಲೆ ಸ್ವಲ್ಪ ದೂರ ಆರಾಮಾಗಿ ಹೋದೆವು. ಆಮೇಲೆ ಶುರುವಾಯಿತು ನೋಡಿ, ಕಾರಿನ ಹಿಂದೆ ಕಾರು. ಒಂದು ಕಡೆ ಬೆಟ್ಟ, ಒಂದು ಕಡೆ ಕಮರಿ, ನಡುವೆ ಎರಡು ಕಾರು ಎದುರುಬದುರಾದರೆ ಕನ್ನಡಿ ಮಡಚಬೇಕಾದ ರಸ್ತೆ. ಮೊದಲನೇ ಗೇರು, ಅರ್ಧ ಕ್ಲಚ್ಚು, ನಾಲ್ಕು ಮಾರು ಮುಂದೆ, ಮತ್ತೆ ಬ್ರೇಕು. ಏರಿನಲ್ಲಿ ಇಂಜಿನ್ನಿಗೆ ಕೆಲಸ ಜಾಸ್ತಿ, ವೇಗ ಇಲ್ಲದ್ದರಿಂದ ಗಾಳಿ ಸೊನ್ನೆ. ಏರ್‌ಕೂಲ್ಡ್ ಗಾಡಿಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಮೊಣಕಾಲಿನ ಒಳಗಡೆ ಪ್ಯಾಂಟಿನ ಮೇಲೇ ಕಾವು ತಟ್ಟತೊಡಗಿತು.

ಸಾಲು ಪೂರ್ತಿ ನಿಂತಾಗ ನಾನು ಕೀ ತಿರುಗಿಸಿ ಆಫ್ ಮಾಡಿದೆ. ಹಿಂದಿನಿಂದ ಅವನು ಕೂಗಿದ: "ಮಾಮ, ಇಷ್ಟು ಬಿಸಿ ಇದ್ದಾಗ ದಿಢೀರ್ ಅಂತ ಆಫ್ ಮಾಡಬಾರದು. ಸ್ವಲ್ಪ ಹೊತ್ತು ಸ್ಲೋದಲ್ಲಿ ಬಿಡಬೇಕು."

ಈ ಮಾತು ಕೇಳದ ಬೈಕಿನವರು ಯಾರೂ ಇಲ್ಲ. ನಮ್ಮ ಮುಂದಿದ್ದ ಒಬ್ಬ ಹುಡುಗನಂತೂ ನಿಂತಲ್ಲೇ ಆಕ್ಸಿಲರೇಟರ್ ತಿರುವಿ ತಿರುವಿ ಇಂಜಿನ್ "ತಣ್ಣಗೆ" ಮಾಡುತ್ತಿದ್ದ. ಯೋಚನೆ ಮಾಡಿ. ಸ್ಲೋದಲ್ಲಿ ಬಿಟ್ಟರೂ ಒಳಗೆ ಪೆಟ್ರೋಲ್ ಉರಿಯುತ್ತಲೇ ಇರುತ್ತದೆ, ಬಿಸಿ ಹುಟ್ಟುತ್ತಲೇ ಇರುತ್ತದೆ. ಅದನ್ನು ಹೊತ್ತೊಯ್ಯಲು ಗಾಳಿ ಮಾತ್ರ ಇಲ್ಲ. ಪಂಪು ಆಯಿಲ್ ಓಡಾಡಿಸುತ್ತದೆ, ನಿಜ. ಆದರೆ ಆ ಆಯಿಲ್ ತನ್ನ ಬಿಸಿ ಕಳೆದುಕೊಳ್ಳೋದಕ್ಕೂ ಕೊನೆಗೆ ಗಾಳಿಯೇ ಬೇಕು. ನಿಂತ ಏರ್‌ಕೂಲ್ಡ್ ಗಾಡಿಯನ್ನು ಸ್ಟಾರ್ಟಿನಲ್ಲಿಟ್ಟು ಆರಿಸುತ್ತೇನೆ ಅನ್ನೋದು ಆಗದ ಮಾತು. ಆರಿಸುವ ಕೆಲಸ ಮುಗಿಯಬೇಕಾದದ್ದು ನಿಲ್ಲಿಸೋದಕ್ಕೆ ಮುಂಚೆ, ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ. ಮೇಲಿನ ಗೇರಿನಲ್ಲಿ ನಿಧಾನಕ್ಕೆ, ಆಕ್ಸಿಲರೇಟರ್ ಕಮ್ಮಿ ಮಾಡಿ ಓಡಿಸಿಕೊಂಡು ಬಂದರೆ ಉರಿಯೋದು ಕಮ್ಮಿ, ಗಾಳಿ ಧಾರಾಳ. ಹಾಗೆ ಬಂದು ನಿಲ್ಲಿಸಿದ ಗಾಡಿಯನ್ನು ತಕ್ಷಣ ಆಫ್ ಮಾಡಬಹುದು.

ಅಂತೂ ಮುಳ್ಳಯ್ಯನಗಿರಿಗಿಂತ ಮುಂಚೆ ಸಿಗುವ ಸೀತಾಳಯ್ಯನಗಿರಿ ಮುಟ್ಟಿ ಗಾಡಿ ನಿಲ್ಲಿಸಿದಾಗ ಅವನು ಕೀ ತೆಗೆದರೂ ಅವನ ರೇಡಿಯೇಟರ್ ಫ್ಯಾನು ನಿಲ್ಲಲಿಲ್ಲ. ಗುಂಯ್ ಅಂತ ತಿರುಗುತ್ತಲೇ ಇತ್ತು. ಕೆಟ್ಟಿದೆಯೋ ಏನೋ, ಬ್ಯಾಟರಿ ಖಾಲಿಯಾಗುತ್ತೆ ಅಂತ ಅವನಿಗೆ ಗಾಬರಿ. ಕೆಲವು ಗಾಡಿಗಳನ್ನು ಮಾಡಿರೋದೇ ಹಾಗೆ. ಇಂಜಿನ್ ನಿಂತ ಕೂಡಲೇ ನೀರಿನ ಪಂಪೂ ನಿಲ್ಲುತ್ತದೆ. ಇಂಜಿನ್ನಿನ ತಲೆಭಾಗವಾದ ಹೆಡ್ಡಿನಲ್ಲಿ ಕೂತ ಬಿಸಿ ಅಲ್ಲೇ ಇರುವ ಕೂಲೆಂಟಿಗೆ ಇಳಿಯುತ್ತದೆ. ಹಾಗಾಗಿ ಆಫ್ ಮಾಡಿದ ಮೊದಲ ಕೆಲವು ನಿಮಿಷ ಬಿಸಿ ಇಳಿಯೋದಿರಲಿ, ಇನ್ನೂ ಸ್ವಲ್ಪ ಏರುತ್ತದೆ. ಆ ಹೊತ್ತಿಗೆ ಫ್ಯಾನು ಬೇಕು. ಕೂಲೆಂಟ್ ನೋಡುತ್ತೇನೆ ಅಂತ ಅವನು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದದ್ದಕ್ಕೆ ಮಾತ್ರ ನಾನು ಜೋರಾಗಿಯೇ ಗದರಿದೆ. ಒಳಗೆ ಒತ್ತಡದಲ್ಲಿದ್ದದ್ದರಿಂದ ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದರೆ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಅಷ್ಟು ಎತ್ತರದಲ್ಲಿ ತೆರೆದಿಟ್ಟ ಬರೀ ನೀರು 93–94 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಬೆಟ್ಟದ ಮೇಲೆ ಮುಚ್ಚಳದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು.

ನನ್ನ ಗಾಡಿ ಆ ಕಡೆ ಟಿಕ್, ಟಿಕ್ ಅನ್ನುತ್ತಿತ್ತು. ಸೈಲೆನ್ಸರ್ ಪೈಪು, ಅದರ ಮೇಲಿನ ತಗಡು, ಫಿನ್ನು, ಎಲ್ಲ ಒಂದೊಂದು ವೇಗದಲ್ಲಿ ಕುಗ್ಗುವಾಗ ಬರುವ ಸದ್ದು ಅದು. ಪಕ್ಕದಲ್ಲಿ ನಿಂತಿದ್ದ ಪ್ರವಾಸಿಯೊಬ್ಬರು ಪಾಪ, ಒಳ್ಳೇ ಮನಸ್ಸಿನಿಂದಲೇ ತಮ್ಮ ನೀರಿನ ಬಾಟಲಿ ತೆಗೆದು ಇಂಜಿನ್ ಮೇಲೆ ಹೊಯ್ಯಲು ಬಂದರು. ಕೈ ಅಡ್ಡ ಹಿಡಿದೆ. ಇಂಥ ಏರಿನಲ್ಲಿ ಹೆಡ್ಡು ನೂರೈವತ್ತು ಡಿಗ್ರಿ ದಾಟೋದು ಮಾಮೂಲು. ಕೆಂಪಗೆ ಕಾದ ಮಣ್ಣಿನ ಕಾವಲಿಗೆ ತಣ್ಣೀರು ಚೆಲ್ಲಿದರೆ ಏನಾಗುತ್ತದೋ ಅದೇ. ಮೇಲ್ಮೈ ತಟ್ಟನೆ ಕುಗ್ಗುತ್ತದೆ, ಒಳಗಿನದು ಹಿಗ್ಗಿಯೇ ಇರುತ್ತದೆ. ಫಿನ್ ಬಿರುಕು ಬಿಡಬಹುದು, ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ಟಿನಿಂದ ಆಯಿಲ್ ಒಸರಬಹುದು. ಮಳೆಯಲ್ಲಿ ಓಡಿಸುತ್ತೀವಲ್ಲ, ಆಗ ಏನೂ ಆಗಲ್ಲವಲ್ಲ ಅಂತ ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಓಡುವಾಗ ಮಳೆ ಹನಿಹನಿಯಾಗಿ ಬೀಳುತ್ತದೆ, ಮೊದಲಿನಿಂದಲೂ ಇಂಜಿನ್ ಅಷ್ಟು ಕಾದಿರುವುದಿಲ್ಲ. ಒಂದು ಲೀಟರ್ ಒಂದೇ ಕಡೆ ಹೊಯ್ಯೋದು ಬೇರೆ.

ಅಲ್ಲೇ ನಿಂತಿದ್ದ ಜೀಪಿನ ಡ್ರೈವರಿಗೆ ನಾನು ಹೇಳಿದ್ದೊಂದೂ ಒಪ್ಪಿಗೆಯಾಗಲಿಲ್ಲ. "ಎರಡು ನಿಮಿಷ ಸ್ಲೋದಲ್ಲಿ ಬಿಡ್ಲೇಬೇಕು ಸಾರ್, ನಾವು ದಿನಾ ಬಿಡ್ತೀವಿ" ಅಂದರು. ಅವರ ಗಾಡಿಗೆ ಅದು ಸರಿಯೇ. ಟರ್ಬೊ, ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ, ಇರುವ ಡೀಸೆಲ್ ಅದು. ಟರ್ಬೊ ಒಳಗಿನ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುತ್ತದೆ, ಅದರ ಬೇರಿಂಗು ಆಯಿಲ್ ಮೇಲೆ ತೇಲುತ್ತಿರುತ್ತದೆ. ಏರು ಹತ್ತಿ ಬಂದ ಕೂಡಲೇ ಆಫ್ ಮಾಡಿದರೆ ಆಯಿಲ್ ನಿಂತು, ಅಲ್ಲೇ ಸುಟ್ಟು ಕರಕಲಾಗುತ್ತದೆ. ನಮ್ಮ ರಸ್ತೆಯ ಬೈಕುಗಳಲ್ಲಿ ಟರ್ಬೊ ಎಲ್ಲಿದೆ? ಜೀಪಿಗೆ ಹುಟ್ಟಿದ ಬುದ್ಧಿಮಾತು ಬೈಕಿನ ಸೀಟಿಗೂ ಹತ್ತಿ ಕೂತಿದೆ, ಅಷ್ಟೆ. ಅವರ ಹತ್ತಿರ ಇಷ್ಟೆಲ್ಲ ವಾದಿಸಲಿಲ್ಲ. ಮೇಲಕ್ಕೆ ಅವರ ಜೀಪಿನಲ್ಲೇ ಹೋಗಬೇಕಿತ್ತು.

ಹೊರಡುವ ಮುಂಚೆ ಅರಣ್ಯ ಇಲಾಖೆಯ ವಾಚರ್ ಒಬ್ಬರು ಬಂದು ಅಳಿಯನ ಗಾಡಿ ತೋರಿಸಿ, "ಇದನ್ನ ಈ ಕಡೆ ಜಲ್ಲಿ ಮೇಲೆ ಹಾಕಿ" ಅಂದರು. ಅವನು ನಿಲ್ಲಿಸಿದ್ದು ರಸ್ತೆಯಂಚಿನ ಹುಲ್ಲಿನ ಮೇಲೆ. ಬೇಸಿಗೆಯಲ್ಲಿ ಈ ಚಂದ್ರದ್ರೋಣ ಬೆಟ್ಟಸಾಲಿನ ಹುಲ್ಲುಗಾವಲು ಪೂರ್ತಿ ಒಣಗಿ ನಿಂತಿರುತ್ತದೆ. ಒಂದು ಕಡ್ಡಿ ಹತ್ತಿಕೊಂಡರೆ ಗುಡ್ಡ ಹತ್ತಿ ಶೋಲಾ ಕಾಡಿನ ಅಂಚಿನವರೆಗೂ ಓಡುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಹೊಸ ಗಾಡಿಗಳ ಸೈಲೆನ್ಸರಿನಲ್ಲಿ ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದೇ ಇರುತ್ತದೆ. ಅದು ಕೆಲಸ ಮಾಡಬೇಕಾದರೇ ಮುನ್ನೂರು ಡಿಗ್ರಿಯ ಆಸುಪಾಸು ಬಿಸಿ ಬೇಕು. ಕೆಲವು ಗಾಡಿಗಳಲ್ಲಿ ಇಂಜಿನ್ನಿನ ಹೊಟ್ಟೆ ಕೆಳಗೇ, ನೆಲಕ್ಕೆ ಹತ್ತಿರ ಇರುತ್ತದೆ. ಬಗ್ಗಿ ನೋಡಿದರೆ ಅವನ ಪೈಪಿಗೂ ಹುಲ್ಲಿನ ತುದಿಗೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಇಂಜಿನ್ ಹಾಳಾದರೆ ಒಬ್ಬನ ದುಡ್ಡು ಹೋಗುತ್ತದೆ, ಇದು ಹಾಗಲ್ಲ. ಅವನು ಏನೂ ಮಾತಾಡದೆ ಗಾಡಿ ತಳ್ಳಿಕೊಂಡು ಜಲ್ಲಿ ಮೇಲೆ ನಿಲ್ಲಿಸಿದ.

ಮೇಲೆ ಹೋಗಿ ಮುಳ್ಳಪ್ಪ ಸ್ವಾಮಿಗೆ ಕೈಮುಗಿದು ಬಂದೆವು. ಜನ ಬಹಳ, ನೋಟ ಕಮ್ಮಿ. ವಾಪಸ್ ಬಂದು ಇಳಿಜಾರಿಗೆ ಗಾಡಿ ತಿರುಗಿಸಿದೆ.

ಇಳಿಯುವಾಗ ಗೇರಿನಲ್ಲೇ ಬಿಟ್ಟು, ಆಕ್ಸಿಲರೇಟರ್ ಮುಚ್ಚಿ ಬಂದೆವು. ಯೆಜ್ಡಿ ಅನ್ನೋ ಹಳೇ ಟೂ ಸ್ಟ್ರೋಕ್ ಬೈಕು ಇಟ್ಟುಕೊಂಡಿದ್ದ ನಮ್ಮ ಚಿಕ್ಕಪ್ಪ ಚಾರ್ಮಾಡಿ ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಒಂದೊಂದು ರೇಸ್ ಕೊಡುತ್ತಿದ್ದರು, ಸುಮ್ಮನೆ ಶೋಕಿಗಲ್ಲ. ಟೂ ಸ್ಟ್ರೋಕಿನಲ್ಲಿ ಆಯಿಲ್ಲನ್ನು ಪೆಟ್ರೋಲಿಗೇ ಬೆರೆಸಿ ಹಾಕೋದು. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಂಜಿನ್ ಬ್ರೇಕಿನಲ್ಲೇ ಇಳಿದರೆ ಪೆಟ್ರೋಲ್ ಕಮ್ಮಿ, ಅದರ ಜೊತೆ ಆಯಿಲ್ಲೂ ಕಮ್ಮಿ. ಪಿಸ್ಟನ್ ಒಣಗಿ ಸೀಜ್ ಆಗುವ, ಅಂದರೆ ಕಚ್ಚಿಕೊಂಡು ನಿಲ್ಲುವ ಭಯ. ಫೋರ್ ಸ್ಟ್ರೋಕಿಗೆ ಆ ತಾಪತ್ರಯ ಇಲ್ಲ, ಪಂಪು ತನ್ನ ಪಾಡಿಗೆ ಆಯಿಲ್ ಎತ್ತುತ್ತಿರುತ್ತದೆ. ಕೈಮರಕ್ಕೆ ಬರುವಷ್ಟರಲ್ಲಿ ಮೊಣಕಾಲಿಗೆ ಕಾವೇ ತಟ್ಟುತ್ತಿರಲಿಲ್ಲ. ಬಿಸಿಯೆಲ್ಲ ಈಗ ಬ್ರೇಕಿಗೆ ಹೋಗಿತ್ತು. ಅಳಿಯ ಇಂಜಿನ್ ಬ್ರೇಕ್ ನಂಬದೆ ದಾರಿಯುದ್ದಕ್ಕೂ ಹಿಂದಿನ ಪೆಡಲು ತುಳಿದೇ ಬಂದಿದ್ದ. ಅವನ ಡಿಸ್ಕಿನಿಂದ ಸುಟ್ಟ ವಾಸನೆ ಬರುತ್ತಿತ್ತು.

ಮನೆ ಮುಟ್ಟಿದ ಕೂಡಲೇ ಅವನು ಪೈಪು ಎಳೆದುಕೊಂಡು ಬಂದು ಗಾಡಿ ತೊಳೆಯಲು ನಿಂತ. ಧೂಳು ಹಿಡಿದ ಹೊಸ ಗಾಡಿ ನೋಡಿ ಅವನಿಗೆ ತಡೆಯಲಾಗುತ್ತಿರಲಿಲ್ಲ. ಕಾದ ಡಿಸ್ಕಿಗೆ ನೀರು ಬಿದ್ದರೆ ಅದೂ ಸೊಟ್ಟಗಾದೀತು, ಆಮೇಲೆ ಬ್ರೇಕ್ ಹಿಡಿದಾಗೆಲ್ಲ ಪೆಡಲು ಅದುರುತ್ತದೆ ಅಂದೆ. "ಮತ್ತೆ ಎಷ್ಟು ಹೊತ್ತು ಕಾಯ್ಬೇಕು?" ಕಾಫಿ ಕುಡಿ, ಊಟ ಮಾಡು, ಆಮೇಲೆ ಮುಟ್ಟಿ ನೋಡು ಅಂದೆ. ಕವರನ್ನೂ ಆಗಲೇ ಹೊದಿಸಬೇಡ, ಸೈಲೆನ್ಸರಿಗೆ ಅಂಟಿಕೊಂಡರೆ ಕೆರೆದು ತೆಗೆಯೋದು ನಿನ್ನ ಕೆಲಸ.

ಕಾಯುವ ಹೊತ್ತಿನಲ್ಲಿ ಮಾಡುವ ಕೆಲಸವೂ ಇದೆ. ಚೈನು ಬೆಚ್ಚಗಿರುವಾಗಲೇ ಒರೆಸಿ ಲ್ಯೂಬ್ ಹಾಕಿದರೆ ಕೊಂಡಿಗಳ ಒಳಗೆ ಚೆನ್ನಾಗಿ ಇಳಿಯುತ್ತದೆ. ಇಂಜಿನ್ ಆಫ್ ಮಾಡಿದ ತಕ್ಷಣ ಆಯಿಲ್ ನೋಡಿದರೆ ಕಮ್ಮಿ ತೋರಿಸುತ್ತದೆ, ಒಂದಷ್ಟು ಇನ್ನೂ ಇಂಜಿನ್ನಿನ ಮೇಲಿನ ಭಾಗದಲ್ಲೇ ಇರುತ್ತದೆ. ಕೆಲವು ನಿಮಿಷ ಬಿಟ್ಟು, ಗಾಡಿ ನೆಟ್ಟಗೆ ನಿಲ್ಲಿಸಿ ನೋಡಬೇಕು. ಡಬಲ್ ಸ್ಟ್ಯಾಂಡ್ ಹಾಕಿ ಕಡ್ಡಿ ಎಳೆದು ಒರೆಸಿ ಮತ್ತೆ ಇಳಿಸಿದೆ. ಕೆಳಗಿನ ಗೆರೆಗಿಂತ ಒಂದು ನೂಲು ಮೇಲಿತ್ತು. ಷೆಡ್ಡಿನ ಡಬ್ಬಿಯಿಂದ ಸ್ವಲ್ಪ ಸುರಿದೆ. ಅಷ್ಟರಲ್ಲಿ ಅಳಿಯ ಹಳೇ ಬಟ್ಟೆ ಹಿಡಿದು ತನ್ನ ಚೈನಿನ ಹತ್ತಿರ ಕೂತಿದ್ದ. "ಬೆಳಗ್ಗೆ ಹೊರಡುವಾಗ ಎಷ್ಟು ಹೊತ್ತು ಸ್ಟಾರ್ಟಿನಲ್ಲಿಡಬೇಕು ಮಾಮ?" ಅಂತ ಕೇಳಿದ. ಹೆಲ್ಮೆಟ್ ಹಾಕಿಕೊಳ್ಳುವಷ್ಟು ಹೊತ್ತು ಸಾಕು, ಮೊದಲ ಎರಡು ಮೂರು ಕಿಲೋಮೀಟರ್ ಮೆತ್ತಗೆ ಓಡಿಸು ಅಂದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.