ಅರ್ಧ ಆಕಾಶ, ಅರ್ಧ ನಾಯಿ

ಮಡಿಕೇರಿಯಲ್ಲಿ 15 ವರ್ಷದಿಂದ ಮಾರ್ಕೆಟಿಂಗ್ ಪಾಠ ಮಾಡುತ್ತಿದ್ದೇನೆ. ಆದರೆ ಗಿರಾಕಿಯ ಮನಸ್ಸು ಏನು ಅಂತ ಕಲಿಸಿದ್ದು ವಿರಾಜಪೇಟೆ ಹತ್ತಿರದ ನಮ್ಮ ಚಿಕ್ಕಮ್ಮ.

ಅವರು ತೋಟದ ಕಾಫಿಪುಡಿಯನ್ನು ವಾಟ್ಸಾಪ್‌ನಲ್ಲಿ ಮಾರುತ್ತಾರೆ. ನಾನು ದೊಡ್ಡ ಪಂಡಿತನ ಹಾಗೆ ಪ್ಯಾಕೆಟ್ಟಿನ ಚಂದದ ಫೋಟೊ ತೆಗೆಸಿಕೊಟ್ಟೆ. ಕೊಡಗು ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ ಅಂತಲೂ ಬರೆದೆ. ಲೈಕ್ ಬಂತು, ಆರ್ಡರ್ ಬರಲಿಲ್ಲ.

ಆಮೇಲೆ ಚಿಕ್ಕಮ್ಮ ಕಣದಲ್ಲಿ ಕಾಫಿ ಹರವುವ ವಿಡಿಯೊ ಹಾಕಿದರು. ಅರ್ಧ ಆಕಾಶ, ಅರ್ಧ ನಾಯಿ. ಸಂಜೆಯೊಳಗೆ ಆರು ಜನ ಕೇಳಿದ್ದು ಒಂದೇ: "ಚಿಕೋರಿ ಎಷ್ಟು ಹಾಕ್ತೀರಾ?"

ಪುಡಿ ನೋಡಿದರೆ ಬೆರಕೆ ಗೊತ್ತಾಗಲ್ಲ, ಅಲ್ವಾ? ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಉದಾಹರಣೆ ಕೊಟ್ಟು ಹೇಳಿದ್ದು ಇದನ್ನೇ. 2001ರಲ್ಲಿ ನೊಬೆಲ್ ಕೂಡ ಬಂತು. ಪ್ರತಿ ವರ್ಷ ಬೋರ್ಡ್ ಮೇಲೆ ಸುಮ್ನೆ ಬರೆದು ಅಳಿಸುತ್ತಿದ್ದೆ. ನನ್ನ ತಲೆಗೆ ಹೋಗಿದ್ದು ಈಗ.

ಚಿಕ್ಕಮ್ಮನ ಉತ್ತರ: "ಚಿಕೋರಿ ಹಾಕಲ್ಲ. ನಂಬಿಕೆ ಇಲ್ದಿದ್ರೆ ಬೀಜಾನೇ ಕಳಿಸ್ತೀನಿ, ನೀವೇ ಪುಡಿ ಮಾಡ್ಕೊಳ್ಳಿ."

ನಾಲ್ಕು ಜನ ಪುಡಿಯನ್ನೇ ತರಿಸಿಕೊಂಡರು. ಬೀಜ ಯಾರೂ ಕೇಳಲಿಲ್ಲ.